ಪೈಲಿಂಟ್ ಎಚ್ಚರಿಕೆಗಳ ರಾಶಿಯೊಳಗೆ ಒಂದು ತಟ್ಟಿಬೆಟ್ಟೆ

ಶಿರಸಿ ಹತ್ತಿರದ ನಮ್ಮೂರ ಸೊಸೈಟಿಗೆ ನಾನು ಬರೆದುಕೊಟ್ಟ ಅಡಿಕೆ ಲೆಕ್ಕದ ಸಾಫ್ಟ್‌ವೇರ್‌ಗೆ ಈಗ ನಾಲ್ಕು ವರ್ಷ. ಪೈಥಾನ್ ಭಾಷೆಯಲ್ಲಿದೆ, ವೆಬ್ ಪ್ರೋಗ್ರಾಮ್ ಕಟ್ಟಲು ಸಿಗುವ ಜ್ಯಾಂಗೋ ಅನ್ನುವ ಸಿದ್ಧ ಚೌಕಟ್ಟು ಬಳಸಿದ್ದೇನೆ. ಸದಸ್ಯರು ತಂದ ಅಡಿಕೆಯ ತೂಕ, ಎಷ್ಟು ಚೀಲ, ಯಾವ ಬಗೆ, ಟೆಂಡರ್‌ನಲ್ಲಿ ಯಾವ ದರಕ್ಕೆ ಹೋಯಿತು, ಯಾರ ಖಾತೆಗೆ ಎಷ್ಟು ಜಮಾ ಆಯಿತು. ಇಷ್ಟೇ ಅದರ ಕೆಲಸ. ಕೋಡ್ ಸುಮಾರು ಒಂಬತ್ತು ಸಾವಿರ ಸಾಲು. ನಾನು ಮತ್ತು ಕುಮಟಾದಲ್ಲಿರುವ ಗೆಳತಿ, ಇಬ್ಬರೇ ಅದನ್ನು ನೋಡಿಕೊಳ್ಳುವವರು.

ಶುರುವಿನಲ್ಲೇ ಪೈಲಿಂಟ್ ಹಾಕಿಕೊಂಡಿದ್ದೆವು. ಗೊತ್ತಿಲ್ಲದವರಿಗೆ ಒಂದು ಮಾತು: ಪೈಲಿಂಟ್ ಕೋಡನ್ನು ಓಡಿಸುವುದಿಲ್ಲ, ಬರೀ ಓದುತ್ತದೆ. ಓದಿ, ಇಲ್ಲಿ ತಪ್ಪಿರಬಹುದು, ಇಲ್ಲಿ ಹೆಸರು ಸರಿ ಇಲ್ಲ, ಇಲ್ಲಿ ಸಾಲು ಉದ್ದ ಆಯಿತು ಅಂತ ಹೇಳುತ್ತದೆ. ಈ ಜಾತಿಯ ಸಲಕರಣೆಗಳಿಗೆಲ್ಲ ಹೆಸರು ಕೊಟ್ಟ ಲಿಂಟ್ ಅನ್ನು 1978ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಸಿ ಭಾಷೆಗಾಗಿ ಬರೆದರು. ಲಿಂಟ್ ಅಂದರೆ ಬಟ್ಟೆಗೆ ಅಂಟಿಕೊಂಡಿರುವ ನೂಲಿನ ಚೂರು. ಅದನ್ನು ಹೆಕ್ಕಿ ತೆಗೆಯಲಿ ಅಂತ ಆ ಹೆಸರು.

ಕೋಡಿನ ಬದಲಾವಣೆಗಳನ್ನು ನಾವು ಗಿಟ್‌ನಲ್ಲಿ ದಾಖಲಿಸುತ್ತೇವೆ, ಹಾಗೆ ದಾಖಲಿಸುವುದಕ್ಕೆ ಕಮಿಟ್ ಅನ್ನುತ್ತಾರೆ. ಪ್ರತಿ ಕಮಿಟ್‌ಗೂ ಪೈಲಿಂಟ್ ತಾನಾಗಿಯೇ ಓಡುವ ಹಾಗೆ ಗಿಟ್ ಹುಕ್ ಅನ್ನುವ ಸಣ್ಣ ಪ್ರೋಗ್ರಾಮ್ ಬರೆದಿದ್ದೆವು. ಅದು ಓಡುತ್ತಿತ್ತು, ಪರದೆ ತುಂಬ ಸಾಲುಗಳು ಸರಸರ ಹೋಗುತ್ತಿದ್ದವು, ಕಮಿಟ್ ಆಗುತ್ತಿತ್ತು. ಎಚ್ಚರಿಕೆ ಬಂದರೂ ಕಮಿಟ್ ನಿಲ್ಲದ ಹಾಗೆ ಹುಕ್‌ನಲ್ಲೇ ಬರೆದಿಟ್ಟಿದ್ದೆ. ಇಲ್ಲದಿದ್ದರೆ ಕೆಲಸವೇ ಸಾಗುತ್ತಿರಲಿಲ್ಲ.

ಜುಲೈ ಮೊದಲ ವಾರ ಗೆಳತಿ ಫೋನ್ ಮಾಡಿದಳು. “ಆ ಪೈಲಿಂಟ್ ಬರೆದದ್ದನ್ನ ನೀನು ಓದ್ತೀಯಾ? ನಾನಂತೂ ಓದೋದಿಲ್ಲ. ಪ್ರತಿ ಸಲ ಅರ್ಧ ನಿಮಿಷ ಕಾಯೋದು ಸುಮ್ನೆ ದಂಡ. ತೆಗೆದುಬಿಡೋಣ.”

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಒಂದು ವಾರ ಟೈಮ್ ಕೊಡು ಅಂತ ಕೇಳಿದೆ. ಆ ವಾರ ಮಾಡಿದ ಕೆಲಸವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಅದೇ ದಿನಗಳಲ್ಲಿ ಇನ್ನೊಂದು ವಿಷಯವೂ ತಲೆಯಲ್ಲಿ ಕೊರೆಯುತ್ತಿತ್ತು. ಸೊಸೈಟಿಯಲ್ಲಿ ಲೆಕ್ಕ ನೋಡುವ ಅಕ್ಕ ಎರಡು ಸಲ ಕೇಳಿದ್ದರು. “ತಮ್ಮಾ, ವರ್ಷದ ಗೋಷ್ವಾರೆಯಲ್ಲಿ ‘ಇತರೆ’ ಅಂತ ಎಂತಕ್ಕೆ ಇಷ್ಟು ಬರ್ತದೆ? ಅಷ್ಟು ಇತರೆ ಅಡಿಕೆ ನಮ್ಮಲ್ಲಿ ಯಾರು ತಂದಿದ್ದಾರೆ?” ಸದಸ್ಯರ ಖಾತೆಗೆ ಹೋದ ದುಡ್ಡೆಲ್ಲ ಸರಿ ಇತ್ತು, ಪಾವತಿ ಪಟ್ಟಿಯೂ ಸರಿ ಇತ್ತು. ವರ್ಷದ ಲೆಕ್ಕದ ಸಾರಾಂಶವಾದ ಗೋಷ್ವಾರೆಯಲ್ಲಿ ಮಾತ್ರ ಬಗೆವಾರು ಲೆಕ್ಕ ತಾಳೆ ಆಗುತ್ತಿರಲಿಲ್ಲ. ನಾನು ಒಂದು ಸಂಜೆ ಪೂರ್ತಿ ಕೂತು ಹುಡುಕಿದ್ದೆ, ಏನೂ ಸಿಕ್ಕಿರಲಿಲ್ಲ. ಬಗೆ ಆರಿಸುವಾಗ ಯಾರೋ ಕೈತಪ್ಪಿ ‘ಇತರೆ’ ಒತ್ತಿರಬೇಕು ಅಂದುಕೊಂಡು ಸುಮ್ಮನಾಗಿದ್ದೆ. ಸೆಪ್ಟೆಂಬರ್‌ನಲ್ಲಿ ಮಹಾಸಭೆ, ಅಷ್ಟರೊಳಗೆ ಗೋಷ್ವಾರೆ ಅಚ್ಚಿಗೆ ಹೋಗಬೇಕು.

ಮೊದಲ ದಿನ, ಶನಿವಾರ. ಹೊರಗೆ ಜಡಿಮಳೆ, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಮೊದಲು ಎಣಿಸೋಣ ಅಂತ ಕೂತೆ. ಪೈಲಿಂಟ್‌ಗೆ ವರದಿ ಬೇಕು ಅಂತ ಹೇಳಿದರೆ ಕೊನೆಯಲ್ಲಿ ಒಂದು ಕೋಷ್ಟಕ ಕೊಡುತ್ತದೆ: ಯಾವ ಎಚ್ಚರಿಕೆ ಎಷ್ಟು ಸಲ ಬಂತು ಅಂತ. ನಾಲ್ಕು ವರ್ಷದಲ್ಲಿ ನಾನು ಆ ಕೋಷ್ಟಕ ತೆಗೆದೇ ಇರಲಿಲ್ಲ. ಒಟ್ಟು 2,549. ಅಂಕ ಹತ್ತಕ್ಕೆ 3.49.

ಕೋಷ್ಟಕದಲ್ಲಿ ಕಣ್ಣಿಗೆ ಹೊಡೆದದ್ದು ‘ಇಂಪೋರ್ಟ್-ಎರರ್’, 203 ಸಲ. ಇದು ಎರರ್ ಜಾತಿಯದ್ದು, ಅಂದರೆ ಪೈಲಿಂಟ್ ಪ್ರಕಾರ ಗಂಭೀರವಾದದ್ದು. ಜ್ಯಾಂಗೋ ಸಿಗುತ್ತಿಲ್ಲ, ಪಿಡಿಎಫ್ ಮಾಡುವ ಲೈಬ್ರರಿ ಸಿಗುತ್ತಿಲ್ಲ ಅಂತೆಲ್ಲ ದೂರು. ಆದರೆ ಪ್ರೋಗ್ರಾಮ್ ದಿನವೂ ಓಡುತ್ತಿದೆಯಲ್ವಾ! ಕಾರಣ ಸರಳ. ಪೈಲಿಂಟ್ ಅನ್ನು ನಾನು ಇಡೀ ಲ್ಯಾಪ್‌ಟಾಪ್‌ಗೆ ಅಂತ ಒಂದು ಕಡೆ ಹಾಕಿದ್ದೆ. ಪ್ರಾಜೆಕ್ಟಿನ ಲೈಬ್ರರಿಗಳು ಅದರದ್ದೇ ವರ್ಚುವಲ್ ಎನ್ವಿರಾನ್‌ಮೆಂಟ್‌ನಲ್ಲಿ, ಅಂದರೆ ಆ ಪ್ರಾಜೆಕ್ಟಿಗೆಂದೇ ಬೇರೆ ಮಾಡಿಟ್ಟ ಜಾಗದಲ್ಲಿ ಇದ್ದವು. ಪೈಲಿಂಟ್ ತಾನು ಇರುವ ಜಾಗದಲ್ಲಿ ಹುಡುಕುತ್ತದೆ, ಅಲ್ಲಿ ಸಿಗದಿದ್ದರೆ ಇಲ್ಲ ಅನ್ನುತ್ತದೆ.

ಪ್ರಾಜೆಕ್ಟಿನ ಎನ್ವಿರಾನ್‌ಮೆಂಟ್ ಒಳಗೇ ಪೈಲಿಂಟ್ ಹಾಕಿದೆ. ಇಲ್ಲಿ ಬೇಕಂತಲೇ ಹಳೆಯ ಆವೃತ್ತಿಯನ್ನೇ ಹಾಕಿದೆ, ಹೊಸದನ್ನು ತರಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದರೆ ಮಾತ್ರ ಯಾವುದರಿಂದ ಏನಾಯಿತು ಅಂತ ತಿಳಿಯುತ್ತದೆ.

ಮತ್ತೆ ಓಡಿಸಿದೆ. 2,643. ಕಡಿಮೆ ಆಗುವುದು ಬಿಟ್ಟು ಜಾಸ್ತಿ ಆಗಿತ್ತು! ಅಂಕ 2.59ಕ್ಕೆ ಇಳಿಯಿತು. ಇಂಪೋರ್ಟ್-ಎರರ್ 203ಕ್ಕೆ 203 ಮಾಯ. ಆದರೆ ‘ನೋ-ಮೆಂಬರ್’, ಅಂದರೆ ಕ್ಲಾಸ್‌ನಲ್ಲಿ ಇಲ್ಲದ ಹೆಸರನ್ನು ಕರೆಯುತ್ತಿದ್ದೀರಿ ಅನ್ನುವ ಹೊಸ ದೂರು 297 ಸಲ ಬಂದಿತ್ತು. ಸ್ವಲ್ಪ ಹೊತ್ತು ಯೋಚಿಸಿದ ಮೇಲೆ ಅರ್ಥ ಆಯಿತು. ಮೊದಲು ಜ್ಯಾಂಗೋ ಸಿಗದೇ ಇದ್ದಾಗ ನಮ್ಮ ಕ್ಲಾಸ್‌ಗಳ ಮೂಲ ಯಾವುದು ಅಂತ ಪೈಲಿಂಟ್‌ಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ವಿಷಯದಲ್ಲಿ ಅದು ಸುಮ್ಮನಿರುತ್ತದೆ. ಈಗ ಜ್ಯಾಂಗೋ ಸಿಕ್ಕಿದೆ, ತೆರೆದು ನೋಡಿದೆ, ಮಾಡೆಲ್‌ಗಳಲ್ಲಿ (ಡೇಟಾಬೇಸಿನ ಕೋಷ್ಟಕಗಳನ್ನು ವಿವರಿಸುವ ಕ್ಲಾಸ್‌ಗಳಲ್ಲಿ) ‘ಆಬ್ಜೆಕ್ಟ್ಸ್’ ಅನ್ನುವುದು ಬರೆದದ್ದು ಎಲ್ಲೂ ಕಾಣಲಿಲ್ಲ. ಜ್ಯಾಂಗೋ ಅದನ್ನು ಪ್ರೋಗ್ರಾಮ್ ಓಡುವಾಗ ಸೇರಿಸುತ್ತದೆ. ಬರೀ ಓದುವವರ ಕಣ್ಣಿಗೆ ಅದು ಬೀಳುವುದಿಲ್ಲ.

ಅಂಕದ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಎರರ್‌ಗಳನ್ನು ಐದರಿಂದ ಗುಣಿಸಿ, ಉಳಿದ ಮೂರು ಬಗೆಯ ಎಚ್ಚರಿಕೆಗಳನ್ನು ಹಾಗೇ ಕೂಡಿಸಿ, ಒಟ್ಟು ಸ್ಟೇಟ್‌ಮೆಂಟ್‌ಗಳಿಂದ ಭಾಗಿಸಿ, ಹತ್ತರಿಂದ ಗುಣಿಸಿ, ಬಂದದ್ದನ್ನು ಹತ್ತರಲ್ಲಿ ಕಳೆಯುತ್ತಾರೆ. ಸುಳ್ಳು ಎರರ್‌ಗೂ ನಿಜವಾದ ಎರರ್‌ಗೂ ಅಲ್ಲಿ ಒಂದೇ ಬೆಲೆ. ನಾನು ಸರಿಯಾದ ಹೆಜ್ಜೆ ಇಟ್ಟ ದಿನವೇ ಅಂಕ ಇಳಿಯಿತು. ಅವತ್ತೇ ಅಂಕ ತೋರಿಸುವುದನ್ನು ಬಂದ್ ಮಾಡಿದೆ.

ಪೈಲಿಂಟ್‌ಗೆ ಜ್ಯಾಂಗೋ ಅರ್ಥ ಮಾಡಿಸುವ ಪ್ಲಗಿನ್ ಇದೆ, ಹೆಸರು ಪೈಲಿಂಟ್-ಜ್ಯಾಂಗೋ. ಅದನ್ನು ಹಾಕಿ, ನಮ್ಮ ಸೆಟ್ಟಿಂಗ್ಸ್ ಫೈಲ್ ಎಲ್ಲಿದೆ ಅಂತ ತಿಳಿಸಿದೆ. ನೋ-ಮೆಂಬರ್ 297ರಿಂದ 6ಕ್ಕೆ ಇಳಿಯಿತು. ಮಾಡೆಲ್ ಒಳಗೆ ಬರೆಯುವ ‘ಮೆಟಾ’ ಕ್ಲಾಸ್‌ನಲ್ಲಿ ಮೆಥಡ್‌ಗಳೇ ಇಲ್ಲ ಅನ್ನುತ್ತಿದ್ದ 88 ದೂರುಗಳೂ ಹೋದವು. ಉಳಿದದ್ದು 2,264. ಇಷ್ಟು ಹೊತ್ತಿಗೆ ನಾನು ಒಂದೇ ಒಂದು ಎಚ್ಚರಿಕೆಯನ್ನೂ ಬಂದ್ ಮಾಡಿರಲಿಲ್ಲ. ಪೈಲಿಂಟ್‌ಗೆ ನೋಡಲು ಏನು ಬೇಕೋ ಅದನ್ನು ಕೊಟ್ಟಿದ್ದೆ, ಅಷ್ಟೇ. ಯಾರಾದರೂ ಈ ಕೆಲಸಕ್ಕೆ ಕೈ ಹಾಕುವುದಾದರೆ ಇಲ್ಲಿಂದಲೇ ಶುರು ಮಾಡಿ ಅಂತ ಕೇಳಿಕೊಳ್ಳುತ್ತೇನೆ. ಬಾಯಿ ಮುಚ್ಚಿಸುವ ಕೆಲಸ ಆಮೇಲೆ.

ರಾತ್ರಿ ಊಟ ಮುಗಿಸಿ ಬಂದು, ಬರೀ ಎರರ್‌ಗಳನ್ನು ತೋರಿಸು ಅಂತ ಓಡಿಸಿದೆ. ಹನ್ನೆರಡು ಸಾಲು. ಈ ಪ್ರಾಜೆಕ್ಟಿನಲ್ಲಿ ಪೈಲಿಂಟ್ ಹೇಳಿದ್ದು ಒಂದು ಪರದೆಯಲ್ಲಿ ಹಿಡಿಸಿದ್ದು ಅದೇ ಮೊದಲು. ಒಂದೊಂದಾಗಿ ಓದಿದೆ. ನೋ-ಮೆಂಬರ್ ಆರರಲ್ಲಿ ನಾಲ್ಕು ಸುಳ್ಳು, ಎರಡು ನಿಜ: ಹೆಸರು ಬದಲಾಯಿಸಿದ ಮೆಥಡ್ ಒಂದನ್ನು, ಯಾರೂ ತೆರೆಯದ ಪುಟವೊಂದು ಇನ್ನೂ ಹಳೆ ಹೆಸರಿನಲ್ಲೇ ಕರೆಯುತ್ತಿತ್ತು. ಮತ್ತೆ ನಾಲ್ಕೈದು ಸಣ್ಣಪುಟ್ಟವು.

ಹತ್ತನೆಯದ್ದು ನಾನು ಎಂದೂ ನೋಡದ ಸಂಖ್ಯೆ: ಇ 2515. ‘ಇನ್‌ವ್ಯಾಲಿಡ್-ಕ್ಯಾರೆಕ್ಟರ್-ಜೀರೋ-ವಿಡ್ತ್-ಸ್ಪೇಸ್’. ಗೋಷ್ವಾರೆಯ ಫೈಲ್, ಅಡಿಕೆ ಬಗೆಗಳ ಪಟ್ಟಿ ಇರುವ ಸಾಲು.

ಆ ಸಾಲಿಗೆ ಹೋದೆ. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕಾ ಎಲ್ಲ ಸಾಲಾಗಿ ಇದ್ದವು. ದೂರು ಇದ್ದದ್ದು ‘ತಟ್ಟಿಬೆಟ್ಟೆ’ ಮೇಲೆ. ನೋಡಲಿಕ್ಕೆ ಏನೂ ತಪ್ಪಿಲ್ಲ. ಪೈಥಾನ್ ತೆರೆದು ಆ ಪದದ ಉದ್ದ ಕೇಳಿದೆ. 12 ಅಂದಿತು. ಪಾವತಿ ಫೈಲಿನಲ್ಲಿರುವ ಅದೇ ಪದದ ಉದ್ದ ಕೇಳಿದೆ. 11.

‘ತಟ್ಟಿ’ಗೂ ‘ಬೆಟ್ಟೆ’ಗೂ ನಡುವೆ ಅಗಲವೇ ಇಲ್ಲದ ಒಂದು ಖಾಲಿ ಜಾಗ ಕೂತಿತ್ತು. ವೆಬ್ ಪುಟಗಳಲ್ಲಿ ಉದ್ದ ಪದವನ್ನು ಇಲ್ಲಿ ಬೇಕಾದರೆ ಮುರಿದು ಮುಂದಿನ ಸಾಲಿಗೆ ಹಾಕಬಹುದು ಅಂತ ಸೂಚಿಸಲು ಇದನ್ನು ಹಾಕುತ್ತಾರೆ. ಆ ಪಟ್ಟಿಯನ್ನು ನಾನು ಟೈಪ್ ಮಾಡದೆ ಎಲ್ಲಿಂದಲೋ ನಕಲು ಮಾಡಿ ತಂದಿದ್ದೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಎರಡೂ ಬೇರೆ. ಹಾಗಾಗಿ ಡೇಟಾಬೇಸ್‌ನಿಂದ ಬಂದ ತಟ್ಟಿಬೆಟ್ಟೆ ಗೋಷ್ವಾರೆಯ ಪಟ್ಟಿಯಲ್ಲಿ ಸಿಗುತ್ತಲೇ ಇರಲಿಲ್ಲ. ಎಲ್ಲ ‘ಇತರೆ’ಗೆ ಹೋಗಿ ಬೀಳುತ್ತಿತ್ತು. ತಟ್ಟಿಬೆಟ್ಟೆ ನಮ್ಮಲ್ಲಿ ಬರುವುದೇ ಕಡಿಮೆ. ಸೊನ್ನೆ ಇರುವ ಬಗೆಯನ್ನು ಗೋಷ್ವಾರೆಯಲ್ಲಿ ತೋರಿಸಬೇಡ ಅಂತಲೂ ಬರೆದಿದ್ದೆ. ಹಾಗಾಗಿ ಆ ಹೆಸರೇ ಅಲ್ಲಿ ಇರಲಿಲ್ಲ, ಇಲ್ಲ ಅನ್ನುವುದೂ ಯಾರಿಗೂ ಕಾಣಲಿಲ್ಲ.

ಆ ಸಾಲು ಬರೆದದ್ದು ಹೋದ ವರ್ಷ ನವೆಂಬರ್‌ನಲ್ಲಿ ಅಂತ ಗಿಟ್ ಹೇಳಿತು. ಅಂದಿನಿಂದ ಪ್ರತಿ ಕಮಿಟ್‌ನಲ್ಲೂ ಪೈಲಿಂಟ್ ಇದನ್ನು ಹೇಳುತ್ತಲೇ ಇತ್ತು. ಎರಡೂವರೆ ಸಾವಿರ ಸಾಲಿನ ನಡುವೆ ಒಂದು ಸಾಲಾಗಿ. ಎರರ್ ಮಾತ್ರ ತೋರಿಸು ಅಂದಿದ್ದರೂ 203 ಸುಳ್ಳು ಇಂಪೋರ್ಟ್-ಎರರ್‌ಗಳ ನಡುವೆ ಅದು ಮುಳುಗಿರುತ್ತಿತ್ತು. ಮರುದಿನ ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡಿ, ತಪ್ಪು ನನ್ನದು, ನಿಮ್ಮ ಕಡೆ ಯಾರೂ ತಪ್ಪು ಒತ್ತಿಲ್ಲ ಅಂತ ಹೇಳಿದೆ. ಅವರು ಕೇಳಿದಾಗಲೇ ನಂಬಿ ಇನ್ನೊಂದು ಸಲ ನೋಡಬೇಕಿತ್ತು.

ಇಲ್ಲೊಂದು ಸಂಗತಿ ತಿಳಿದಿರಲಿ. ಕನ್ನಡ ಬರೆಯುವಾಗ ಕಾಣದ ಅಕ್ಷರಗಳು ಬರುವುದು ಸಹಜ. ‘ಸಾಫ್ಟ್‌ವೇರ್’ ಅಂತ ಬರೆದಾಗ ‘ಟ್’ ಆದ ಮೇಲೆ ಒಂದು ಕಾಣದ ಅಕ್ಷರ ಇರುತ್ತದೆ. ಅದು ಇಲ್ಲದಿದ್ದರೆ ‘ವ’ ಒತ್ತಕ್ಷರವಾಗಿ ಕೆಳಗೆ ಹೋಗಿಬಿಡುತ್ತದೆ. ಅದು ಜೀರೋ ವಿಡ್ತ್ ನಾನ್ ಜಾಯ್ನರ್, ನಮಗೆ ಬೇಕಾದದ್ದು, ಪೈಲಿಂಟ್ ಅದಕ್ಕೆ ತಕರಾರು ಮಾಡುವುದಿಲ್ಲ. ಇವೆರಡರಲ್ಲಿ ತಕರಾರು ಇರುವುದು ಜೀರೋ ವಿಡ್ತ್ ಸ್ಪೇಸ್ ಬಗ್ಗೆ. ಮತ್ತೆ, ಪೈಲಿಂಟ್ ನೋಡುವುದು ಕೋಡ್ ಫೈಲನ್ನು, ಡೇಟಾಬೇಸನ್ನು ನೋಡುವುದಿಲ್ಲ. ಸದಸ್ಯರ ಹೆಸರು, ಊರಿನ ಹೆಸರು ಯಾರಾದರೂ ಎಲ್ಲಿಂದಲೋ ನಕಲು ಮಾಡಿ ಹಾಕಿದರೆ ಇದೇ ಕಥೆ. ಅದಕ್ಕೇ ಒಳಗೆ ಬರುವ ಪ್ರತಿ ಪದದಿಂದ ಈ ಖಾಲಿ ಜಾಗ ತೆಗೆಯುವ ಸಣ್ಣ ಫಂಕ್ಷನ್ ಒಂದನ್ನು ಫಾರ್ಮ್‌ಗಳಿಗೆ ಸೇರಿಸಿದೆ.

ಭಾನುವಾರದಿಂದ ನಿಜವಾದ ಸದ್ದು ಕಡಿಮೆ ಮಾಡುವ ಕೆಲಸ. ಸಿ ಮತ್ತು ಆರ್ ಜಾತಿಯ (ಕನ್ವೆನ್ಷನ್ ಅಂದರೆ ಬರೆಯುವ ಪದ್ಧತಿಯ, ರಿಫ್ಯಾಕ್ಟರ್ ಅಂದರೆ ಕೋಡಿನ ರಚನೆಯ) ಎಚ್ಚರಿಕೆಗಳನ್ನು ಒಟ್ಟಿಗೇ ಬಂದ್ ಮಾಡಿಬಿಡು, ಶಾಂತಿ ಸಿಗುತ್ತದೆ ಅಂತ ಗೆಳತಿ ಹೇಳಿದಳು. ಹಳೆಯ ಕೋಡಿಗೆ ಪೈಲಿಂಟ್ ತರುವವರು ಹಾಗೆ ಶುರು ಮಾಡುವುದೂ ಉಂಟು. ನನಗೆ ಮಾತ್ರ ತಟ್ಟಿಬೆಟ್ಟೆ ಸಿಕ್ಕ ಮೇಲೆ ಯಾವುದನ್ನೂ ಓದದೆ ಬಿಡುವ ಮನಸ್ಸಾಗಲಿಲ್ಲ. ಡೀಫಾಲ್ಟ್ ಅನ್ನುವುದನ್ನು ಯಾರೋ ಎಲ್ಲರಿಗೂ ಆಗಲಿ ಅಂತ ಇಟ್ಟಿರುತ್ತಾರೆ. ಕನ್ನಡ ಪಠ್ಯ ತುಂಬಿದ ಅಡಿಕೆ ಲೆಕ್ಕದ ಕೋಡ್ ಅವರ ಕಣ್ಣೆದುರು ಇರಲಿಲ್ಲ. ಯಾವುದು ನಮಗೆ ಕಸ, ಯಾವುದು ಕಾಳು ಅಂತ ನಾವೇ ಕೂತು ಆರಿಸಬೇಕು. ಬಂದ್ ಮಾಡುವ ಪ್ರತಿಯೊಂದಕ್ಕೂ ಪಕ್ಕದಲ್ಲೇ ಒಂದು ಸಾಲು ಕಾರಣ ಬರೆಯಬೇಕು ಅಂತ ನಮ್ಮೊಳಗೆ ಮಾತಾಯಿತು. ಕಾರಣ ಬರೆಯಲು ಆಗದಿದ್ದರೆ ಅದು ಬಂದ್ ಆಗುವುದಿಲ್ಲ.

ಸೆಟ್ಟಿಂಗ್ ಎಲ್ಲ ಪೈಪ್ರಾಜೆಕ್ಟ್ ಟಾಮಲ್ ಫೈಲಿನಲ್ಲಿ ಹಾಕಿದೆ. ಪೂರ್ತಿ ಸೆಟ್ಟಿಂಗ್ ಫೈಲನ್ನು ತಾನೇ ಬರೆದುಕೊಡುವ ಆಯ್ಕೆ ಪೈಲಿಂಟ್‌ನಲ್ಲಿದೆ. ಅದನ್ನು ಬಳಸಬೇಡಿ ಅನ್ನುತ್ತೇನೆ. ನೂರಾರು ಸಾಲು ಬರುತ್ತದೆ, ಅದರಲ್ಲಿ ನಾವು ಬದಲಾಯಿಸಿದ್ದು ಯಾವುದು, ಮೊದಲೇ ಇದ್ದದ್ದು ಯಾವುದು ಅಂತ ಆರು ತಿಂಗಳ ನಂತರ ಗೊತ್ತಾಗುವುದಿಲ್ಲ. ಬದಲಾಯಿಸಿದ ಸಾಲುಗಳನ್ನು ಮಾತ್ರ ಬರೆಯಿರಿ. ನಮ್ಮದು ಈಗ ಕಾರಣಗಳನ್ನೂ ಸೇರಿಸಿ ಮೂವತ್ತು ಸಾಲು ದಾಟುವುದಿಲ್ಲ.

ಮೊದಲು ಮೈಗ್ರೇಷನ್ ಫೋಲ್ಡರ್‌ಗಳನ್ನು ಹೊರಗಿಟ್ಟೆ. ಅವು ಡೇಟಾಬೇಸಿನ ರಚನೆ ಬದಲಾದಾಗ ಜ್ಯಾಂಗೋ ತಾನೇ ಬರೆಯುವ ಫೈಲುಗಳು, ಅವುಗಳ ಹೆಸರು ಸರಿ ಇಲ್ಲ ಅಂತ ನನಗೆ ಹೇಳಿ ಏನು ಉಪಯೋಗ? 381 ಹೋದವು, ಉಳಿದದ್ದು 1,883. ಆಮೇಲೆ ಪೈಲಿಂಟ್‌ನ ಆವೃತ್ತಿ ಏರಿಸಿದೆ. ಹಳೆಯದರಲ್ಲಿ ಮೂರಕ್ಕಿಂತ ಕಡಿಮೆ ಅಕ್ಷರದ ಹೆಸರು ಇಟ್ಟರೆ ‘ಇನ್‌ವ್ಯಾಲಿಡ್-ನೇಮ್’ ಬರುತ್ತಿತ್ತು. 2023ರ ಅಕ್ಟೋಬರ್‌ನಲ್ಲಿ ಬಂದ 3.0ರಿಂದ ಆ ನಿಯಮ ಡೀಫಾಲ್ಟ್ ಆಗಿ ಇಲ್ಲ. ತೂಕದ ಪ್ರೋಗ್ರಾಮಿನಲ್ಲಿ ‘ಕೆಜಿ’ ಅನ್ನುವ ಎರಡಕ್ಷರದ ವೇರಿಯಬಲ್ ಎಷ್ಟು ಕಡೆ ಇರಬಹುದು, ನೀವೇ ಅಂದಾಜು ಮಾಡಿ. 236 ಎಚ್ಚರಿಕೆ ಒಂದೇ ಏಟಿಗೆ ಹೋಯಿತು. 1,647.

ಈಗ ಸಾಲಿನ ಉದ್ದ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಕನ್ನಡದಲ್ಲಿ ಪ್ರೋಗ್ರಾಮ್ ಬರೆಯುವ ಎಲ್ಲರಿಗೂ ಇದು ಬಂದೇ ಬರುತ್ತದೆ. ಪೈಲಿಂಟ್‌ನಲ್ಲಿ ಸಾಲಿನ ಮಿತಿ 100. ಆ ನೂರು ಏನನ್ನು ಎಣಿಸಿದ್ದು? ಪೈಥಾನ್ ಎಣಿಸುವುದು ಯೂನಿಕೋಡ್ ಸಂಕೇತಗಳನ್ನು. ‘ಕ್ಷೇತ್ರ’ ಅನ್ನುವ ಪದದಲ್ಲಿ ನಮ್ಮ ಕಣ್ಣಿಗೆ ಎರಡು ಅಕ್ಷರ. ಪೈಥಾನ್‌ಗೆ ಏಳು: ಕ, ಹಲಂತ, ಷ, ಏತ್ವ, ತ, ಮತ್ತೆ ಹಲಂತ, ರ. ಹಾಗಾಗಿ ಪರದೆಯ ಅರ್ಧಕ್ಕೂ ಬಾರದ ಕನ್ನಡ ಸಾಲು ಪೈಲಿಂಟ್ ಲೆಕ್ಕದಲ್ಲಿ ನೂರು ದಾಟಿರುತ್ತದೆ. ‘ಚೀಲದ ತೂಕ ಒಟ್ಟು ತೂಕಕ್ಕಿಂತ ಜಾಸ್ತಿ ಆಗಿದೆ, ಮತ್ತೊಮ್ಮೆ ನೋಡಿ’ ಅನ್ನುವಂಥ ಸಂದೇಶಗಳೇ ನಮ್ಮಲ್ಲಿ ಜಾಸ್ತಿ. ಹಿಂದೆ ಇಂಥದ್ದನ್ನು ಸರಿ ಮಾಡಲು ಹೋಗಿ ಕನ್ನಡ ವಾಕ್ಯವನ್ನು ಎರಡು ಮೂರು ತುಂಡು ಮಾಡಿ ಬರೆದದ್ದೂ ಇತ್ತು. ಓದಲು ಅಸಹ್ಯ. ತುಂಡುಗಳ ನಡುವೆ ಒಂದು ಖಾಲಿ ಜಾಗ ಬಿಟ್ಟುಹೋದರೆ ಎರಡು ಪದ ಅಂಟಿಕೊಂಡು ಅಚ್ಚಾಗುತ್ತದೆ.

ಮಿತಿಯನ್ನು 200ಕ್ಕೆ ಏರಿಸುವುದು ಸುಲಭದ ದಾರಿ. ಆದರೆ ಆಗ ನಿಜಕ್ಕೂ ಉದ್ದವಾದ ಇಂಗ್ಲಿಷ್ ಸಾಲುಗಳೂ ತಪ್ಪಿಸಿಕೊಳ್ಳುತ್ತವೆ. ಪೈಲಿಂಟ್‌ನಲ್ಲಿ ‘ಇಗ್ನೋರ್-ಲಾಂಗ್-ಲೈನ್ಸ್’ ಅಂತ ಒಂದು ಆಯ್ಕೆ ಇದೆ, ಈ ನಮೂನೆಗೆ ಹೊಂದುವ ಉದ್ದ ಸಾಲನ್ನು ಬಿಟ್ಟುಬಿಡು ಅಂತ. ಡೀಫಾಲ್ಟ್ ಆಗಿ ಅಲ್ಲಿ ವೆಬ್ ವಿಳಾಸದ ನಮೂನೆ ಇರುತ್ತದೆ. ಅದರ ಜೊತೆಗೆ ‘ಅಥವಾ ಕನ್ನಡದ ಯಾವುದಾದರೂ ಅಕ್ಷರ’ ಅಂತ ಸೇರಿಸಿದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ಸಾಲು ಮೀಸಲಿದೆ, ಅದರ ಮೊದಲ ಮತ್ತು ಕೊನೆಯ ಸ್ಥಾನ ಕೊಟ್ಟರೆ ಸಾಕು. ಮೊದಲ ಪ್ರಯತ್ನದಲ್ಲಿ ಫೈಲ್ ಓದಲಿಕ್ಕೇ ಆಗುತ್ತಿಲ್ಲ ಅಂತ ಪೈಲಿಂಟ್ ನಿಂತುಬಿಟ್ಟಿತು. ಟಾಮಲ್‌ನಲ್ಲಿ ಜೋಡಿ ಉದ್ಧರಣ ಚಿಹ್ನೆಯೊಳಗೆ ಓರೆ ಗೆರೆ ಹಾಕಿದರೆ ಅದಕ್ಕೆ ಬೇರೆ ಅರ್ಥ ಬರುತ್ತದೆ. ಒಂಟಿ ಉದ್ಧರಣ ಚಿಹ್ನೆಯೊಳಗೆ ನಮೂನೆ ಬರೆದ ಮೇಲೆ ಸರಿ ಆಯಿತು. 391 ಎಚ್ಚರಿಕೆ ಹೋಯಿತು. ಉಳಿದ 107 ಸಾಲು ನಿಜವಾಗಿಯೂ ಉದ್ದ ಇದ್ದವು. ಅವುಗಳಲ್ಲಿ ಹೆಚ್ಚಿನವನ್ನು, ಕೋಡಿನ ಸಾಲುಗಳನ್ನು ತಾನೇ ಜೋಡಿಸಿಕೊಡುವ ಬ್ಲ್ಯಾಕ್ ಫಾರ್ಮ್ಯಾಟರ್ ಮುರಿಯಿತು, ಕೆಲವನ್ನು ಕೈಯಲ್ಲಿ ಸರಿ ಮಾಡಿದೆ.

ಡಾಕ್‌ಸ್ಟ್ರಿಂಗ್ (ಕೋಡಿನೊಳಗೇ ಬರೆಯುವ ವಿವರಣೆ) ಇಲ್ಲ ಅನ್ನುವ ದೂರುಗಳು 618. ಫೈಲಿಗೊಂದು ವಿವರಣೆ ಬೇಕು ಅನ್ನುವುದನ್ನು ಬಂದ್ ಮಾಡಿದೆ, ಕ್ಲಾಸಿಗೆ ಬೇಕು ಅನ್ನುವುದನ್ನೂ. ಫಂಕ್ಷನ್‌ಗಳದ್ದನ್ನು ಮಾತ್ರ ಇಟ್ಟುಕೊಂಡು, 15 ಸಾಲಿಗಿಂತ ಚಿಕ್ಕದಾದ ಫಂಕ್ಷನ್‌ಗೆ ಬೇಡ ಅಂದೆ. ಅದಕ್ಕೆ ಬೇರೆ ಆಯ್ಕೆಯೇ ಇದೆ. ಉಳಿದವು 41. ಆ 41ಕ್ಕೂ ಕನ್ನಡದಲ್ಲೇ ವಿವರಣೆ ಬರೆದೆ. ಚೀಲದ ತೂಕ ಕಳೆಯುವ ಫಂಕ್ಷನ್‌ಗೆ ಬರೆಯಲು ಹೋದಾಗ, ಅದು ಯಾಕೆ ಎರಡು ಕಡೆ ರೌಂಡ್ ಮಾಡುತ್ತದೆ ಅಂತ ನನಗೇ ಹೇಳಲು ಬರಲಿಲ್ಲ. ಅಕ್ಕನನ್ನು ಕೇಳಿದೆ. ತೂಕದ ಚೀಟಿಯಲ್ಲಿ ಬರೆಯುವಾಗ ಒಂದು ಸಲ, ದರಕ್ಕೆ ಗುಣಿಸುವಾಗ ಇನ್ನೊಂದು ಸಲ, ಕೈಲೆಕ್ಕದ ಕಾಲದಿಂದ ಹಾಗೇ ನಡೆದು ಬಂದಿದೆ ಅಂದರು. ಅದನ್ನು ಅವರು ಹೇಳಿದ ಹಾಗೇ ಬರೆದಿಟ್ಟೆ.

ಲಾಗ್ (ಪ್ರೋಗ್ರಾಮ್ ಓಡುವಾಗ ಏನಾಯಿತು ಅನ್ನುವ ದಾಖಲೆ) ಬರೆಯುವ ಕಡೆ ಎಫ್-ಸ್ಟ್ರಿಂಗ್ (ಒಳಗೇ ಬೆಲೆಗಳನ್ನು ತುಂಬಿಕೊಳ್ಳುವ ಪಠ್ಯ) ಬಳಸಬೇಡಿ ಅನ್ನುವ ಎಚ್ಚರಿಕೆ 59. ಲಾಗ್ ಬಂದ್ ಇದ್ದರೂ ಎಫ್-ಸ್ಟ್ರಿಂಗ್ ತಯಾರಾಗುತ್ತದೆ, ಆ ಕೆಲಸ ದಂಡ ಅನ್ನುವುದು ಅದರ ಕಾರಣ. ಕಾರಣ ಸರಿ. ದಿನಕ್ಕೆ ಕೆಲವು ನೂರು ಚೀಟಿ ಬರೆಯುವ ನಮ್ಮ ಪ್ರೋಗ್ರಾಮಿಗೆ ಅದರಿಂದ ಏನೂ ಆಗುವುದಿಲ್ಲ. ಹಾಗಂತ ಬರೆದು ಬಂದ್ ಮಾಡಿದೆ.

ನಾನು ಬಂದ್ ಮಾಡದೆ ಎದೆಗೆ ಅಪ್ಪಿಕೊಂಡ ಎಚ್ಚರಿಕೆ ಒಂದಿದೆ: ‘ಅನ್‌ಸ್ಪೆಸಿಫೈಡ್-ಎನ್‌ಕೋಡಿಂಗ್’. ಫೈಲ್ ತೆರೆಯುವಾಗ ಯಾವ ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಸಂಖ್ಯೆಗಳಾಗಿ ಇಡುವ ಕ್ರಮ) ಅಂತ ಹೇಳಿಲ್ಲ ಅನ್ನುವುದು ದೂರು. ಇದು ಬೇಡದ ಕಿರಿಕಿರಿ ಅಂತ ಬಂದ್ ಮಾಡುವವರು ತುಂಬ ಜನ. ಬರೀ ಇಂಗ್ಲಿಷ್ ಅಕ್ಷರ ಬರೆಯುವವರಿಗೆ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ನಮಗೆ ಹಾಗಲ್ಲ. ನನ್ನ ಲ್ಯಾಪ್‌ಟಾಪ್ ಲಿನಕ್ಸ್, ಅಲ್ಲಿ ಹೇಳದಿದ್ದರೂ ಯುಟಿಎಫ್-8. ಸೊಸೈಟಿಯ ಕಂಪ್ಯೂಟರ್ ವಿಂಡೋಸ್, ಅಲ್ಲಿ ಹೇಳದಿದ್ದರೆ 1252 ಅನ್ನುವ ಹಳೆಯ ಕೋಡ್ ಪೇಜ್. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ನನ್ನಲ್ಲಿ ಚೆನ್ನಾಗಿ ಓಡುವ ಕೋಡ್ ಅಲ್ಲಿ ಸದಸ್ಯರ ಮೊದಲ ಹೆಸರು ಬರೆಯುವಾಗಲೇ ಬಿದ್ದುಹೋಗುತ್ತದೆ. ಎರಡು ವರ್ಷದ ಹಿಂದೆ ಬ್ಯಾಕಪ್ ಫೈಲ್ ಹಾಗೇ ಬಿದ್ದಿತ್ತು. ಮಳೆಯಲ್ಲಿ ಬೈಕ್ ಹತ್ತಿ ಹೋಗಿ ಆ ಒಂದು ಜಾಗ ಸರಿ ಮಾಡಿ ಬಂದಿದ್ದೆ. ಅಂಥ ಜಾಗ ಇನ್ನೂ 14 ಇವೆ ಅಂತ ಪೈಲಿಂಟ್ ಆಗಲೇ ಹೇಳುತ್ತಿತ್ತು. ಪೈಥಾನ್ 3.15ರಿಂದ ಎಲ್ಲ ಕಡೆ ಯುಟಿಎಫ್-8 ಅನ್ನೇ ಡೀಫಾಲ್ಟ್ ಮಾಡುವ ತೀರ್ಮಾನ ಆಗಿದೆ. ಸೊಸೈಟಿಯ ಯಂತ್ರದಲ್ಲಿ ಅಷ್ಟು ಹೊಸ ಪೈಥಾನ್ ಬರುವವರೆಗೆ ಈ ಎಚ್ಚರಿಕೆ ನಮಗೆ ಬೇಕೇ ಬೇಕು. 14 ಜಾಗಗಳನ್ನೂ ಅವತ್ತೇ ಸರಿ ಮಾಡಿದೆ.

‘ಬ್ರಾಡ್-ಎಕ್ಸೆಪ್ಷನ್-ಕಾಟ್’ 23 ಇದ್ದವು. ಯಾವ ತಪ್ಪು ಬಂದರೂ ಹಿಡಿದು ನುಂಗಿಬಿಡುವ ಕೋಡ್ ಇದ್ದಲ್ಲಿ ಇದು ಬರುತ್ತದೆ. ಇವನ್ನು ಒಂದೊಂದಾಗಿ ನೋಡಿದೆ, ಒಂದು ದಿನ ಹಿಡಿಯಿತು. ಎಂಟನೆಯದ್ದು ಗೋಷ್ವಾರೆ ಫೈಲಿನದ್ದೇ. ಮೊದಲ ವರ್ಷ, ಪಟ್ಟಿಯಲ್ಲಿ ಇಲ್ಲದ ಬಗೆಯೊಂದು ಬಂದು ಅಚ್ಚು ಅರ್ಧಕ್ಕೆ ನಿಂತಿತ್ತು. ಅವಸರದಲ್ಲಿ, ಏನೇ ತಪ್ಪು ಬಂದರೂ ‘ಇತರೆ’ಗೆ ಹಾಕು ಅಂತ ಬರೆದಿದ್ದೆ. ತಟ್ಟಿಬೆಟ್ಟೆ ಸದ್ದಿಲ್ಲದೆ ಅಲ್ಲಿಗೆ ಹೋಗಲು ದಾರಿ ಮಾಡಿಕೊಟ್ಟದ್ದು ಇದೇ ಸಾಲು. ಈಗ ಪಟ್ಟಿಯಲ್ಲಿ ಇಲ್ಲದ ಬಗೆ ಬಂದರೆ ಗೋಷ್ವಾರೆ ನಿಲ್ಲುವುದಿಲ್ಲ, ಆದರೆ ಆ ಹೆಸರನ್ನು ಮೇಲ್ಗಡೆ ಕೆಂಪಿನಲ್ಲಿ ತೋರಿಸುತ್ತದೆ. 23ರಲ್ಲಿ ಐದನ್ನು ಹಾಗೇ ಬಿಟ್ಟೆ, ಅವು ಪ್ರಿಂಟರ್ ಜೊತೆ ಮಾತಾಡುವ ಜಾಗಗಳು. ಅಲ್ಲಿ ಏನು ಬೇಕಾದರೂ ಆಗಬಹುದು. ಅವುಗಳ ಮೇಲಿನ ಸಾಲಿನಲ್ಲಿ ಕಾರಣ ಬರೆದು, ಮುಂದಿನ ಸಾಲಿಗೆ ಮಾತ್ರ ಬೇಡ ಅನ್ನುವ ಟಿಪ್ಪಣಿ ಹಾಕಿದೆ.

ಒಂದೇ ಪಟ್ಟಿ ಎರಡು ಫೈಲಿನಲ್ಲಿ ಯಾಕಿತ್ತು ಅಂತ ನೀವು ಕೇಳಬಹುದು. ‘ಡುಪ್ಲಿಕೇಟ್-ಕೋಡ್’ ಎಚ್ಚರಿಕೆ ಇರುವುದೇ ಅದನ್ನು ಹೇಳಲು. ನಾಲ್ಕು ಸಾಲು ಒಂದೇ ಥರ ಇದ್ದರೂ ಅದು ಕೂಗುತ್ತದೆ. ಜ್ಯಾಂಗೋ ಕೋಡಿನಲ್ಲಿ ನಾಲ್ಕು ಸಾಲು ಹೋಲುವುದು ತೀರಾ ಸಾಮಾನ್ಯ, ಹಾಗಾಗಿ ಮಿತಿಯನ್ನು ಎಂಟಕ್ಕೆ ಏರಿಸಿದೆ. 64 ಇದ್ದದ್ದು 7 ಆಯಿತು. ಬಗೆಗಳ ಪಟ್ಟಿ ಈಗ ಒಂದೇ ಕಡೆ ಇದೆ. ಅಡಿಕೆಯದ್ದನ್ನು ನಕಲು ಮಾಡಿ ಬರೆದ ಕಾಳುಮೆಣಸಿನ ವರದಿಯನ್ನೂ ಅಡಿಕೆಯದ್ದರ ಜೊತೆ ಒಂದು ಮಾಡಿದೆ.

ಹೀಗೆ ಗುರುವಾರದ ಹೊತ್ತಿಗೆ ಒಂಬತ್ತು ಉಳಿದವು. ಆಗ ಹುಕ್ ಬದಲಾಯಿಸಿದೆ. ಪೈಲಿಂಟ್ ಮುಗಿಯುವಾಗ ಒಂದು ಸಂಖ್ಯೆ ಕೊಡುತ್ತದೆ. ಫೇಟಲ್ ಇದ್ದರೆ 1, ಎರರ್ ಇದ್ದರೆ 2, ವಾರ್ನಿಂಗ್‌ಗೆ 4, ರಿಫ್ಯಾಕ್ಟರ್‌ಗೆ 8, ಕನ್ವೆನ್ಷನ್‌ಗೆ 16, ಎಲ್ಲ ಕೂಡಿಸಿ. ಮೊದಲ ಮೂರರಲ್ಲಿ ಯಾವುದು ಇದ್ದರೂ ಕಮಿಟ್ ನಿಲ್ಲಬೇಕು. ಉಳಿದೆರಡು ಬಂದರೆ ತೋರಿಸಿ ಮುಂದೆ ಹೋಗಲಿ. ಬದಲಾದ ಫೈಲುಗಳನ್ನು ಮಾತ್ರ ನೋಡು ಅಂತಲೂ ಮಾಡಿದೆ, ಗೆಳತಿಯ ಅರ್ಧ ನಿಮಿಷ ಉಳಿಯಿತು. ಡುಪ್ಲಿಕೇಟ್-ಕೋಡ್‌ಗೆ ಎಲ್ಲ ಫೈಲೂ ಬೇಕು, ಹಾಗಾಗಿ ವಾರಕ್ಕೊಮ್ಮೆ ಪೂರ್ತಿ ಓಡಿಸುತ್ತೇನೆ. ಅದೇ ಸಲ ‘ಯೂಸ್‌ಲೆಸ್-ಸಪ್ರೆಷನ್’ ಅನ್ನೂ ಆನ್ ಮಾಡುತ್ತೇನೆ. ಕೋಡಿನೊಳಗೆ ಬೇಡ ಅಂತ ಹಾಕಿದ ಟಿಪ್ಪಣಿಗಳಲ್ಲಿ ಈಗ ಕೆಲಸಕ್ಕೆ ಬಾರದವು ಯಾವುವು ಅಂತ ಅದು ತೋರಿಸುತ್ತದೆ. ಮೊದಲ ಸಲ 31 ಹಳೆ ಟಿಪ್ಪಣಿ ಕಿತ್ತುಹಾಕಿದೆ.

ಶುಕ್ರವಾರ ಮಧ್ಯಾಹ್ನ ಗೆಳತಿಯ ಕಮಿಟ್ ನಿಂತಿತು. ಒಂದೇ ಸಾಲು ಬಂದಿತ್ತು: ಹೊಸ ಕಡೆ ಫೈಲ್ ತೆರೆದದ್ದಕ್ಕೆ ಎನ್‌ಕೋಡಿಂಗ್ ಇಲ್ಲ. ಅವಳು ಅದನ್ನು ಓದಿ, ಸರಿ ಮಾಡಿ, ಮತ್ತೆ ಕಮಿಟ್ ಮಾಡಿ ಆಮೇಲೆ ನನಗೆ ಹೇಳಿದಳು. ಹುಕ್ ತೆಗೆಯುವ ಮಾತು ಮತ್ತೆ ಬರಲಿಲ್ಲ.

ಶನಿವಾರ ಸೊಸೈಟಿಗೆ ಹೋಗಿ ಹೊಸ ಆವೃತ್ತಿ ಹಾಕಿ, ಅಕ್ಕನ ಎದುರಿಗೇ ಗೋಷ್ವಾರೆ ತೆಗೆದೆ. ಬೆಟ್ಟೆ ಕೆಳಗೆ ತಟ್ಟಿಬೆಟ್ಟೆಯ ಸಾಲು ಬಂತು. ‘ಇತರೆ’ಯಲ್ಲಿ ಮೂರು ಚೀಲ ಉಳಿದಿತ್ತು. ಅವರು ಪುಸ್ತಕ ತೆಗೆದು ಬೆರಳಿಟ್ಟು ನೋಡಿದರು. “ಹೌದು, ಈ ಮೂರು ಚಿಪ್ಪಡಿಕೆ. ಇದಕ್ಕೂ ಒಂದು ಹೆಸರು ಸೇರಿಸಿಬಿಡು” ಅಂದರು. ಅಲ್ಲೇ ಕೂತು ಸೇರಿಸಿದೆ, ಈ ಸಲ ಕೈಯಿಂದಲೇ ಟೈಪ್ ಮಾಡಿ.

ಉಳಿದ ಒಂಬತ್ತರಲ್ಲಿ ಎಂಟು ಸಣ್ಣವು. ಒಂಬತ್ತನೆಯದ್ದು ಚೀಟಿ ಅಚ್ಚು ಹಾಕುವ ಫಂಕ್ಷನ್, ಅದಕ್ಕೆ 11 ಆರ್ಗ್ಯುಮೆಂಟ್‌ಗಳಿವೆ, ಅಂದರೆ ಕರೆಯುವಾಗ ಹೊರಗಿನಿಂದ ಕೊಡಬೇಕಾದ ಮಾಹಿತಿ. ಐದಕ್ಕಿಂತ ಜಾಸ್ತಿ ಇದ್ದರೆ ಪೈಲಿಂಟ್ ಹೇಳುತ್ತದೆ, ಅದು ಹೇಳುವುದು ಸರಿಯಾಗಿಯೇ ಇದೆ. ಆ ಎಚ್ಚರಿಕೆಯನ್ನು ಬಂದ್ ಮಾಡಿಲ್ಲ. ಮಹಾಸಭೆ ಮುಗಿದ ಮೇಲೆ, ಹೊಸ ಅಡಿಕೆ ಬರುವ ಮೊದಲು ಅದನ್ನು ಬಿಚ್ಚಿ ಬರೆಯುತ್ತೇನೆ.